ವಿಕ್ಟೋರಿಯನ್ ಮಜೋಲಿಕಾ: ಬಣ್ಣದ ಮೆರುಗಿನ ಹಳೆಯ ಇಂಗ್ಲಿಷ್ ಪಾತ್ರೆಗಳನ್ನು ಸಂಗ್ರಹಿಸುವವರಿಗೆ ಸಮಗ್ರ ಮಾರ್ಗದರ್ಶಿ

ಹೂಕೋಸಿನ ಆಕಾರದ ಚಹಾ ಕುಂಡಿಗೆ, ಎಲೆಯ ಮೇಲೆ ಎಲೆ ಜೋಡಿಸಿದಂತಿರುವ ತಟ್ಟೆ, ಮೊಲ ಮತ್ತು ಕಾಡುಕೋಳಿ ಮಲಗಿರುವ ಮುಚ್ಚಳದ ಭಾರೀ ಬಟ್ಟಲು, ಆಳೆತ್ತರದ ನವಿಲು. ಇಂಥವನ್ನೆಲ್ಲ ಮಣ್ಣಿನಲ್ಲಿ ಅಚ್ಚು ಹಾಕಿ, ಸುಟ್ಟು, ಹಸಿರು, ನೀಲಿ, ಜೇನುಬಣ್ಣದ ಗಾಜಿನಂಥ ಮೆರುಗು ಹಚ್ಚಿ ಮತ್ತೆ ಸುಟ್ಟವರು ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತದ ಕುಂಬಾರರು. ಸ್ಟೋಕ್-ಆನ್-ಟ್ರೆಂಟ್ ನಗರದ ಸುತ್ತ 1850ರಿಂದ ಸುಮಾರು ಅರ್ಧ ಶತಮಾನ ನಡೆದ ಈ ಕೆಲಸದ ಫಲವೇ ವಿಕ್ಟೋರಿಯನ್ ಮಜೋಲಿಕಾ. ಇಂದು ಇಂಗ್ಲೆಂಡಿನ ಹರಾಜು ಮನೆಗಳಲ್ಲಿ, ಹಳೆಯ ಸಾಮಾನಿನ ಸಂತೆಗಳಲ್ಲಿ ಇದು ಇನ್ನೂ ಧಾರಾಳವಾಗಿ ಸಿಗುತ್ತದೆ. ಜೊತೆಗೆ ನಕಲಿಯೂ, ಬಣ್ಣ ಬಳಿದು ಮುಚ್ಚಿದ ಒಡಕೂ ಅಷ್ಟೇ ಧಾರಾಳವಾಗಿ ಸಿಗುತ್ತವೆ.

ಹೊಸದಾಗಿ ಸಂಗ್ರಹ ಆರಂಭಿಸುವವರಲ್ಲಿ ಹೆಚ್ಚಿನವರು ಮೊದಲು ಪಾತ್ರೆಯನ್ನು ಬೋರಲು ಹಾಕಿ ತಳದ ಗುರುತನ್ನು ಹುಡುಕುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮೊದಲು ಮೆರುಗನ್ನು ನೋಡಿ, ಆಮೇಲೆ ಅಚ್ಚಿನ ಕೆಲಸವನ್ನು ನೋಡಿ, ಕೊನೆಗೆ ಗುರುತನ್ನು ನೋಡಿ. ಈ ಸಾಮಾನುಗಳಲ್ಲಿ ದೊಡ್ಡ ಪಾಲಿಗೆ ಗುರುತೇ ಇಲ್ಲ. ಗುರುತನ್ನು ಯಾರು ಬೇಕಾದರೂ ಒತ್ತಬಹುದು. ಒಳ್ಳೆಯ ಮೆರುಗನ್ನು ಹಾಗೆ ಹುಟ್ಟಿಸಲಾಗದು. ಮುಂದಿನ ಹಂತಗಳನ್ನು ಈ ಕ್ರಮದಲ್ಲೇ ಇಟ್ಟಿದ್ದೇನೆ.

ಹಂತ 1: ಯಾವ ಕಾಲ ನಿಮ್ಮದು ಎಂದು ತೀರ್ಮಾನಿಸಿ

ಬಣ್ಣದ ಮೆರುಗಿನ ಇಂಗ್ಲಿಷ್ ಪಾತ್ರೆಗಳಲ್ಲಿ ಸ್ಥೂಲವಾಗಿ ಮೂರು ಕಾಲಘಟ್ಟಗಳಿವೆ. ಮೂರನ್ನೂ ಒಟ್ಟಿಗೆ ಕೂಡಿಡಲು ಹೊರಟರೆ ಯಾವುದರ ಮೇಲೂ ಕಣ್ಣು ಪಳಗುವುದಿಲ್ಲ.

ಮೊದಲನೆಯದು ಹದಿನೆಂಟನೆಯ ಶತಮಾನದ್ದು. ಫೆಂಟನ್‌ನ ಕುಂಬಾರ ಥಾಮಸ್ ವೀಲ್ಡನ್ ಆಮೆಚಿಪ್ಪಿನಂತೆ ಕಂದು, ಹಸಿರು, ಬೂದು ಬಣ್ಣಗಳು ಒಂದರೊಳಗೊಂದು ಹರಿದುಹೋಗುವ ತಟ್ಟೆಗಳಿಗೆ ಹೆಸರಾದವರು. 1754ರಿಂದ 1759ರವರೆಗೆ ಅವರ ಪಾಲುದಾರರಾಗಿದ್ದ ಯುವಕನೇ ಜೊಸಾಯಾ ವೆಜ್‌ವುಡ್. 1759ರಲ್ಲಿ ವೆಜ್‌ವುಡ್ ಸಾಧಿಸಿದ ಗಾಢ ಹಸಿರು ಮೆರುಗೇ ಹೂಕೋಸು, ಅನಾನಸ್ ಆಕಾರದ ಕುಂಡಿಗೆಗಳಿಗೆ ಜೀವ ತಂದಿತು. ಈ ಕಾಲದ ಅಸಲಿ ವಸ್ತುಗಳು ಹಗುರ, ತೆಳುವು, ಬಹುತೇಕ ಗುರುತಿಲ್ಲದವು; ಬೆಲೆಯೂ ಹೆಚ್ಚು, ಅನುಮಾನಗಳೂ ಹೆಚ್ಚು. ಇಲ್ಲಿಂದ ಆರಂಭಿಸಬೇಡಿ.

ಎರಡನೆಯದು ಈ ಬರಹದ ವಿಷಯವಾದ ಮಜೋಲಿಕಾ.

ಮೂರನೆಯದು 1880ರ ಸುಮಾರಿಗೆ ಆರಂಭವಾದ ಕಲಾಕುಂಬಾರಿಕೆ. ಮಿಡಲ್ಸ್‌ಬರೋ ಬಳಿ 1879ರಲ್ಲಿ ಆರಂಭವಾದ ಲಿನ್‌ಥಾರ್ಪ್, ಲೀಡ್ಸ್ ನಗರದ ಬರ್ಮನ್‌ಟಾಫ್ಟ್ಸ್, ಸ್ಮೆಥಿಕ್‌ನಲ್ಲಿ 1898ರಲ್ಲಿ ಹುಟ್ಟಿದ ರಸ್ಕಿನ್ ಪಾಟರಿ ಇವೆಲ್ಲ ಈ ಗುಂಪಿನವು. ಲಿನ್‌ಥಾರ್ಪ್‌ನ ಮೊದಲ ವರ್ಷಗಳ ಪಾತ್ರೆಗಳಲ್ಲಿ ವಿನ್ಯಾಸಕಾರ ಕ್ರಿಸ್ಟೊಫರ್ ಡ್ರೆಸ್ಸರ್ ಅವರ ಸಹಿ ಒತ್ತಿರುವುದುಂಟು. ರಸ್ಕಿನ್ ಪಾಟರಿಯನ್ನು ನಡೆಸಿದ ವಿಲಿಯಂ ಹೌಸನ್ ಟೇಲರ್ ತಮ್ಮ ಮೆರುಗಿನ ಸೂತ್ರಗಳನ್ನೆಲ್ಲ ಸಾಯುವ ಮುನ್ನ ನಾಶಮಾಡಿದರು. ಅವರ ಕೆಂಪು ಮೆರುಗನ್ನು ಮತ್ತೆ ಯಾರೂ ಅದೇ ರೀತಿ ತಯಾರಿಸಬಾರದೆಂಬುದು ಅವರ ಹಟವಾಗಿತ್ತು. ಆಕೃತಿಗಿಂತ ಬಣ್ಣವೇ ನಿಮಗೆ ಪ್ರಿಯವಾದರೆ ಈ ಗುಂಪಿಗೆ ಹೋಗಿ.

ಇವುಗಳ ನಡುವೆ ಪ್ರಾಟ್‌ವೇರ್ ಎಂಬ ಪಾತ್ರೆಗಳೂ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಬಣ್ಣವಿರುವುದು ಮೆರುಗಿನಲ್ಲಲ್ಲ, ಪಾರದರ್ಶಕ ಮೆರುಗಿನ ಕೆಳಗೆ ಕುಂಚದಿಂದ ಬರೆದ ಚಿತ್ರದಲ್ಲಿ. ಚೆಂದದ ಸಾಮಾನುಗಳೇ, ಆದರೆ ಬೇರೆ ಜಾತಿ.

ಹಂತ 2: ಮೆರುಗನ್ನು ಓದಲು ಕಲಿಯಿರಿ

ಇಡೀ ವಿದ್ಯೆಯ ತಿರುಳು ಇಲ್ಲಿದೆ. ಇದಕ್ಕೆ ಹೆಚ್ಚು ಸಮಯ ಕೊಡಿ.

1793ರಲ್ಲಿ ಸ್ಥಾಪನೆಯಾದ ಮಿಂಟನ್ ಕಾರ್ಖಾನೆಯನ್ನು ಸ್ಥಾಪಕರ ಮಗ ಹರ್ಬರ್ಟ್ ಮಿಂಟನ್ ನಡೆಸುತ್ತಿದ್ದಾಗ, ಫ್ರಾನ್ಸಿನ ಕುಂಬಾರಿಕೆ ತಜ್ಞ ಲಿಯೊನ್ ಆರ್ನೂ 1840ರ ದಶಕದ ಕೊನೆಯಲ್ಲಿ ಅಲ್ಲಿಗೆ ಬಂದರು. ಹದಿನಾರನೆಯ ಶತಮಾನದ ಫ್ರೆಂಚ್ ಕುಂಬಾರ ಬರ್ನಾರ್ಡ್ ಪಲಿಸಿ ಹಾವು, ಮೀನು, ಕಪ್ಪೆ, ಎಲೆಗಳನ್ನು ಉಬ್ಬುಕೆತ್ತನೆಯಲ್ಲಿ ಮೂಡಿಸಿ ಬಣ್ಣದ ಸೀಸದ ಮೆರುಗು ಹಚ್ಚಿದ್ದ ತಟ್ಟೆಗಳು ಆರ್ನೂ ಅವರಿಗೆ ಸ್ಫೂರ್ತಿ. 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಮಿಂಟನ್ ಈ ಹೊಸ ಸಾಮಾನನ್ನು ಜನರ ಮುಂದಿಟ್ಟಿತು. ಅದೇ ಕಾರ್ಖಾನೆ ಇಟಲಿಯ ಮಾದರಿಯಲ್ಲಿ ತವರದ ಬಿಳಿ ಮೆರುಗಿನ ಮೇಲೆ ಚಿತ್ರ ಬರೆದ ಪಾತ್ರೆಗಳನ್ನೂ ಮಾಡುತ್ತಿತ್ತು. ಕಾಲಕ್ರಮೇಣ ಎರಡಕ್ಕೂ ಮಜೋಲಿಕಾ ಎಂಬ ಒಂದೇ ಹೆಸರು ಅಂಟಿಕೊಂಡಿತು. ಹರಾಜು ಪಟ್ಟಿಯಲ್ಲಿ ಇಟಲಿಯ ಬಿಳಿ ತಟ್ಟೆಯೂ ಸ್ಟೋಕ್‌ನ ಹಸಿರು ತಟ್ಟೆಯೂ ಒಂದೇ ಶೀರ್ಷಿಕೆಯಡಿ ಬರುವುದು ಈ ಕಾರಣಕ್ಕೆ.

ತಯಾರಿಕೆಯ ಕ್ರಮ ಗೊತ್ತಿದ್ದರೆ ಕಣ್ಣಿಗೆ ಏನು ಕಾಣಬೇಕೆಂಬುದು ಗೊತ್ತಾಗುತ್ತದೆ. ಅಚ್ಚಿನಲ್ಲಿ ರೂಪ ಪಡೆದ ಮಣ್ಣನ್ನು ಮೊದಲು ಮೆರುಗಿಲ್ಲದೆ ಸುಡುತ್ತಿದ್ದರು. ನಂತರ ಬೇರೆ ಬೇರೆ ಬಣ್ಣದ ಸೀಸದ ಮೆರುಗುಗಳನ್ನು ಕುಂಚದಿಂದ ಪಕ್ಕಪಕ್ಕದಲ್ಲೇ ಹಚ್ಚಿ, ಕಡಿಮೆ ಶಾಖದಲ್ಲಿ ಎರಡನೆಯ ಬಾರಿ ಸುಡುತ್ತಿದ್ದರು. ಹಸಿರಿಗೆ ತಾಮ್ರ, ಕಡುನೀಲಿಗೆ ಕೋಬಾಲ್ಟ್, ನೇರಳೆ ಮತ್ತು ಕಪ್ಪುಗಂದಿಗೆ ಮ್ಯಾಂಗನೀಸ್, ಜೇನುಹಳದಿಗೆ ಕಬ್ಬಿಣ. ಆವಿಗೆಯಲ್ಲಿ ಮೆರುಗು ಕರಗಿ ತುಸು ಹರಿಯುತ್ತದೆ. ಅಚ್ಚಿನ ಮೇಲೆ ಹೊಯ್ದ ಬೆಲ್ಲದ ಪಾಕ ಕುಳಿಯಲ್ಲಿ ಕಪ್ಪಾಗಿಯೂ ಉಬ್ಬಿನ ಮೇಲೆ ಹೊಂಬಣ್ಣವಾಗಿಯೂ ಕಾಣುವಂತೆ, ಮೆರುಗು ಎಲೆಯ ನರಗಳ ಸಂದಿಯಲ್ಲಿ ನಿಂತು ಗಾಢವಾಗುತ್ತದೆ, ಏಣುಗಳ ಮೇಲಿಂದ ಜಾರಿ ತಿಳಿಯಾಗುತ್ತದೆ. ಒಂದೇ ಹಸಿರಿನಿಂದ ಹತ್ತಾರು ಹಸಿರುಗಳು ಹುಟ್ಟುವುದು ಹೀಗೆ. ಈ ಆಳ, ಈ ಏರಿಳಿತ ಕಾಣುತ್ತಿದೆಯೇ ಎಂಬುದು ನೀವು ಪ್ರತಿ ಪಾತ್ರೆಗೂ ಕೇಳಬೇಕಾದ ಮೊದಲ ಪ್ರಶ್ನೆ.

ಎರಡನೆಯ ಪ್ರಶ್ನೆ, ಬಣ್ಣಗಳು ಸಂಧಿಸುವ ಗಡಿಯದು. ಎರಡು ಮೆರುಗುಗಳು ಕೂಡುವ ಅಂಚಿನಲ್ಲಿ ಸಣ್ಣದೊಂದು ಬೆರಕೆ ಇರಲೇಬೇಕು. ಆದರೆ ಒಳ್ಳೆಯ ಕಾರ್ಖಾನೆಯ ಕೆಲಸದಲ್ಲಿ ಆ ಬೆರಕೆ ಹದ್ದುಮೀರುವುದಿಲ್ಲ: ಹಕ್ಕಿಯ ಕೊಕ್ಕಿನ ಹಳದಿ ಕೊಕ್ಕಿನಲ್ಲೇ ಇರುತ್ತದೆ, ಕಣ್ಣಿನ ಕಪ್ಪು ಕೆನ್ನೆಗೆ ಇಳಿಯುವುದಿಲ್ಲ. ಅಗ್ಗದ ಕಾರ್ಖಾನೆಗಳಲ್ಲಿ ಕಂದು, ಹಸಿರು, ಹಳದಿಗಳನ್ನು ಎರಚಿ ಬಿಟ್ಟಂತೆ ಕಾಣುತ್ತದೆ. ಮೂರನೆಯದಾಗಿ, ಒಳಗಿನ ಬಣ್ಣ ನೋಡಿ. ಮಿಂಟನ್ ಮತ್ತು ಜಾರ್ಜ್ ಜೋನ್ಸ್ ಪಾತ್ರೆಗಳ ಒಳಮೈಗೆ ತಿಳಿಗುಲಾಬಿ ಅಥವಾ ಆಕಾಶನೀಲಿ ಮೆರುಗು ಹಚ್ಚುವುದು ಸಾಮಾನ್ಯವಾಗಿತ್ತು. ಈ ಎರಡು ಬಣ್ಣಗಳನ್ನು ಶುದ್ಧವಾಗಿ, ಸಮನಾಗಿ ತರುವುದು ಸುಲಭವಲ್ಲ. ಒಳಮೈ ಸ್ವಚ್ಛವಾಗಿದ್ದರೆ ಹೊರಮೈಯ ಬಗ್ಗೆಯೂ ನಂಬಿಕೆ ಹುಟ್ಟುತ್ತದೆ.

ಫೋಟೋದಲ್ಲಿ ಇದನ್ನು ಕಲಿಯಲಾಗದು. ಕಿಟಕಿಯ ಬೆಳಕಿನಲ್ಲಿ ಪಾತ್ರೆಯನ್ನು ನಿಧಾನವಾಗಿ ತಿರುಗಿಸಿ ನೋಡಿದಾಗಲೇ ಮೆರುಗಿನ ದಪ್ಪ ತಿಳಿಯುವುದು. ಕೈಗೆ ತೆಗೆದುಕೊಂಡು ನೋಡಲು ಹರಾಜಿಗೆ ಮುನ್ನಿನ ವೀಕ್ಷಣೆಯ ದಿನಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಅಲ್ಲಿ ಪ್ರವೇಶ ಉಚಿತ, ಕೇಳಿಕೊಂಡು ಮುಟ್ಟಬಹುದು, ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ.

ಹಂತ 3: ಅತ್ಯುತ್ತಮವಾದದ್ದನ್ನು ಮೊದಲು ನೋಡಿ

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಇದು ಸುಲಭ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಮೇಲಂತಸ್ತಿನ ಕುಂಬಾರಿಕೆ ವಿಭಾಗ, ಸ್ಟೋಕ್‌ನ ಹ್ಯಾನ್ಲಿಯಲ್ಲಿರುವ ಪಾಟರೀಸ್ ಮ್ಯೂಸಿಯಂ, ಬಾರ್ಲಸ್ಟನ್‌ನಲ್ಲಿರುವ ವೆಜ್‌ವುಡ್ ಸಂಗ್ರಹ ಈ ಮೂರನ್ನು ನೋಡಿದರೆ ಅಳತೆಗೋಲು ಸಿಕ್ಕಂತೆ. ಲಾಂಗ್ಟನ್‌ನ ಗ್ಲಾಡ್‌ಸ್ಟನ್ ಪಾಟರಿ ಮ್ಯೂಸಿಯಂನಲ್ಲಿ ಬಾಟಲಿಯಾಕಾರದ ಹಳೆಯ ಆವಿಗೆಗಳ ಒಳಗೇ ಹೋಗಿ ನಿಲ್ಲಬಹುದು.

ಭಾರತದಲ್ಲಿರುವವರು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಯುರೋಪಿಯನ್ ಪಿಂಗಾಣಿ ವಿಭಾಗದಿಂದ ಆರಂಭಿಸಬಹುದು. 1872ರಲ್ಲಿ ತೆರೆದ ಮುಂಬಯಿಯ ಡಾ. ಭಾವೂ ದಾಜಿ ಲಾಡ್ ವಸ್ತುಸಂಗ್ರಹಾಲಯದ ನೆಲಕ್ಕೆ ಹಾಸಿರುವುದು ಮಿಂಟನ್ ಕಾರ್ಖಾನೆಯ ಬಿಲ್ಲೆಗಳು. ಅವು ಮಜೋಲಿಕಾ ಅಲ್ಲ, ಆದರೂ ಅದೇ ಕಾರ್ಖಾನೆಯ ಬಣ್ಣದ ಶಿಸ್ತನ್ನು ಅಲ್ಲಿ ಕಾಣಬಹುದು. ಸ್ಟಾಫರ್ಡ್‌ಶೈರ್‌ಗೂ ಮುಂಬಯಿಗೂ ಇನ್ನೊಂದು ನಂಟಿದೆ: ಬರ್ಸ್ಲೆಮ್‌ನ ಕುಂಬಾರಿಕೆ ಕಾರ್ಖಾನೆಯಲ್ಲಿ ವಿನ್ಯಾಸಕಾರರಾಗಿದ್ದ ಜಾನ್ ಲಾಕ್‌ವುಡ್ ಕಿಪ್ಲಿಂಗ್ 1865ರಲ್ಲಿ ಬೊಂಬಾಯಿಯ ಜೆ. ಜೆ. ಕಲಾಶಾಲೆಗೆ ಬಂದು ಪಾಠ ಹೇಳಿದರು.

ಹಂತ 4: ಕಾರ್ಖಾನೆಗಳು ಮತ್ತು ಗುರುತುಗಳು

ನಾಲ್ಕು ಹೆಸರುಗಳನ್ನು ಚೆನ್ನಾಗಿ ತಿಳಿದುಕೊಂಡರೆ ಉಳಿದವು ತಾವಾಗಿ ಬರುತ್ತವೆ.

ಮಿಂಟನ್ ಪಾತ್ರೆಗಳ ತಳದಲ್ಲಿ ಹಸಿಮಣ್ಣಿನಲ್ಲೇ ಒತ್ತಿದ ಹೆಸರು, ಆಕೃತಿಯ ಸಂಖ್ಯೆ, ತಿಂಗಳ ಅಕ್ಷರ ಮತ್ತು ವರ್ಷದ ಸಂಕೇತ ಇರುತ್ತವೆ. 1842ರಿಂದ ಬಳಕೆಯಲ್ಲಿದ್ದ ಈ ವರ್ಷಸಂಕೇತಗಳು ಪುಟ್ಟ ಚಿತ್ರಗಳ ರೂಪದಲ್ಲಿದ್ದು ಪ್ರತಿ ವರ್ಷಕ್ಕೂ ಬೇರೆ. ಅವುಗಳ ಪಟ್ಟಿ ಸುಲಭವಾಗಿ ಸಿಗುತ್ತದೆ, ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಸುಮಾರು 1873ರವರೆಗೆ ಹೆಸರು ಮಿಂಟನ್ ಎಂದಿದ್ದು, ಆಮೇಲೆ ಕೊನೆಯಲ್ಲಿ ಎಸ್ ಅಕ್ಷರ ಸೇರಿ ಮಿಂಟನ್ಸ್ ಆಯಿತು. ವರ್ಷಸಂಕೇತ 1865 ಎನ್ನುತ್ತಿದ್ದು ಹೆಸರಿನಲ್ಲಿ ಎಸ್ ಇದ್ದರೆ ಪಾತ್ರೆಯನ್ನು ಅಲ್ಲೇ ಇಟ್ಟುಬಿಡಿ.

ವೆಜ್‌ವುಡ್ ಮಜೋಲಿಕಾ ತಯಾರಿಕೆ ಆರಂಭಿಸಿದ್ದು 1860ರ ಸುಮಾರಿಗೆ. ಅದೇ ವರ್ಷದಿಂದ ಮೂರು ಅಕ್ಷರಗಳ ಸಂಕೇತ ಬಂತು: ಮೊದಲನೆಯದು ತಿಂಗಳು, ಎರಡನೆಯದು ಕೆಲಸಗಾರ, ಮೂರನೆಯದು ವರ್ಷ. ವರ್ಷದ ಅಕ್ಷರ 1860ಕ್ಕೆ ಓ, 1872ಕ್ಕೆ ಎ. ಮತ್ತೆ 1886ಕ್ಕೆ ಓ. ಒಂದೇ ಅಕ್ಷರ ಎರಡು ವರ್ಷಗಳನ್ನು ಹೇಳುವುದರಿಂದ ಆಕೃತಿ, ಬಣ್ಣ ಮತ್ತು ಇತರ ಗುರುತುಗಳ ಜೊತೆ ಹೊಂದಿಸಿ ನೋಡಬೇಕು. 1870ರ ದಶಕದ ಕೊನೆಯಲ್ಲಿ ವೆಜ್‌ವುಡ್ ಅರ್ಜೆಂಟಾ ಎಂಬ ಹೆಸರಿನಲ್ಲಿ ಕೆನೆಬಿಳುಪು ಹಿನ್ನೆಲೆಯ ಸಾಮಾನು ತಂದಿತು. ಜಪಾನಿ ಬೀಸಣಿಗೆ, ಹಕ್ಕಿ, ಹೂಗೊಂಚಲುಗಳು ಅದರಲ್ಲಿ ಹೆಚ್ಚು. ಗಾಢ ಬಣ್ಣಗಳು ಅತಿಯೆನಿಸುವವರಿಗೆ ಅರ್ಜೆಂಟಾ ಹಿಡಿಸಬಹುದು. ಹೆಸರಿನ ವಿಷಯದಲ್ಲಿ ಎರಡು ಎಚ್ಚರಿಕೆ: ನಡುವೆ ಒಂದು ಇ ಅಕ್ಷರ ಹೆಚ್ಚಾಗಿ ಕಾಗುಣಿತ ತಪ್ಪಿದಂತಿರುವ ಹೆಸರು ಆ ಕಾರ್ಖಾನೆಯದಲ್ಲ, 'ವೆಜ್‌ವುಡ್ ಅಂಡ್ ಕಂಪನಿ' ಎಂಬುದು ಟನ್‌ಸ್ಟಾಲ್‌ನ ಬೇರೆಯೇ ಸಂಸ್ಥೆ.

ಜಾರ್ಜ್ ಜೋನ್ಸ್ ನನ್ನ ಮೆಚ್ಚಿನ ಕಾರ್ಖಾನೆ. 1860ರ ದಶಕದ ಆರಂಭದಲ್ಲಿ ಸ್ಟೋಕ್‌ನಲ್ಲಿ ತನ್ನದೇ ಕೆಲಸ ಆರಂಭಿಸಿದ ಜೋನ್ಸ್, ಕೋಬಾಲ್ಟ್ ನೀಲಿ ಹಿನ್ನೆಲೆಯ ಮೇಲೆ ಸೇಬಿನ ಹೂ, ತಾವರೆ ಎಲೆ, ಮಿಂಚುಳ್ಳಿಗಳನ್ನು ಕೂರಿಸಿದ ರೀತಿಯಲ್ಲಿ ಮಿಂಟನ್‌ಗೂ ಇಲ್ಲದ ಲವಲವಿಕೆ ಇದೆ. ಗುರುತು ಜಿ ಮತ್ತು ಜೆ ಅಕ್ಷರಗಳ ಹೆಣಿಗೆ. 1870ರ ದಶಕದಲ್ಲಿ ಮಕ್ಕಳು ಪಾಲುದಾರರಾದ ಮೇಲೆ ಅದರ ಕೆಳಗೆ ಅರ್ಧಚಂದ್ರಾಕಾರದಲ್ಲಿ 'ಅಂಡ್ ಸನ್ಸ್' ಸೇರಿತು. ಎಷ್ಟೋ ಪಾತ್ರೆಗಳಲ್ಲಿ ಹೆಣಿಗೆಯ ಗುರುತು ಇರುವುದಿಲ್ಲ. ಆದರೆ ತಳದಲ್ಲಿ ಹಸಿರು, ಕಂದು ಬೆರೆತ ಚುಕ್ಕೆಮೆರುಗು ಇದ್ದು, ಅದರ ನಡುವೆ ಹೆಬ್ಬೆರಳಿನಷ್ಟು ಜಾಗ ಬಿಳಿಯಾಗಿ ಉಳಿದು, ಅಲ್ಲಿ ಕೈಯಲ್ಲಿ ಬರೆದ ಮಾದರಿ ಸಂಖ್ಯೆ ಇದ್ದರೆ ಜೋನ್ಸ್ ಎನ್ನಲು ಗಟ್ಟಿ ಆಧಾರ.

ಲಾಂಗ್ಟನ್‌ನ ಜೋಸೆಫ್ ಹೋಲ್ಡ್‌ಕ್ರಾಫ್ಟ್ ಮೊದಲು ಮಿಂಟನ್‌ನಲ್ಲಿ ದುಡಿದವರು. ಜೆ ಮತ್ತು ಎಚ್ ಅಕ್ಷರಗಳ ಹೆಣಿಗೆ ಅಥವಾ ಪೂರ್ಣ ಹೆಸರು ಅವರ ಗುರುತು, ಗುರುತಿಲ್ಲದವೂ ಬಹಳ. ಕೋಪ್‌ಲ್ಯಾಂಡ್, ಬ್ರೌನ್‌ಫೀಲ್ಡ್, ಫೀಲ್ಡಿಂಗ್, ರಾಯಲ್ ವೂಸ್ಟರ್, ಫಾರೆಸ್ಟರ್, ಸ್ಯಾಮ್ಯುಯೆಲ್ ಲಿಯರ್ ಹೆಸರುಗಳನ್ನೂ ನೆನಪಿಡಿ.

ಕಾರ್ಖಾನೆಯ ಗುರುತಲ್ಲದೆ ಸರ್ಕಾರಿ ಗುರುತೂ ಇರುತ್ತದೆ. 1842ರಿಂದ 1883ರವರೆಗೆ ವಿನ್ಯಾಸವನ್ನು ನೋಂದಾಯಿಸಿದವರು ವಜ್ರಾಕೃತಿಯ ಮುದ್ರೆ ಹಾಕುತ್ತಿದ್ದರು. ತುದಿಯ ವೃತ್ತದಲ್ಲಿ ರೋಮನ್ ಅಂಕಿ ನಾಲ್ಕು ಇದ್ದರೆ ಅದು ಕುಂಬಾರಿಕೆಯ ವರ್ಗ. 1867ರವರೆಗಿನ ಮುದ್ರೆಯಲ್ಲಿ ವರ್ಷದ ಅಕ್ಷರ ಆ ವೃತ್ತದ ಕೆಳಗಿನ ಮೂಲೆಯಲ್ಲಿ, 1868ರಿಂದ ಬಲ ಮೂಲೆಯಲ್ಲಿ. 1884ರಿಂದ ವಜ್ರ ಹೋಗಿ ನೋಂದಣಿ ಸಂಖ್ಯೆ ಬಂತು. ಈ ಮುದ್ರೆ ಹೇಳುವುದು ವಿನ್ಯಾಸ ನೋಂದಣಿಯಾದ ದಿನವನ್ನೇ ಹೊರತು ಪಾತ್ರೆ ಸುಟ್ಟ ದಿನವನ್ನಲ್ಲ. 1869ರ ವಿನ್ಯಾಸದ ತಟ್ಟೆ 1878ರಲ್ಲಿ ತಯಾರಾಗಿರಬಹುದು. ಇನ್ನು, ಅಮೆರಿಕದ ಸುಂಕ ಕಾಯಿದೆಯಿಂದಾಗಿ 1891ರಿಂದ ಅಲ್ಲಿಗೆ ಹೋಗುವ ಸಾಮಾನುಗಳಲ್ಲಿ ದೇಶದ ಹೆಸರು ಕಡ್ಡಾಯವಾಯಿತು. ತಳದಲ್ಲಿ ಇಂಗ್ಲೆಂಡ್ ಎಂದಿದ್ದರೆ ಸಾಮಾನ್ಯವಾಗಿ ಅದಕ್ಕೂ ಈಚಿನದು; ಮೇಡ್ ಇನ್ ಇಂಗ್ಲೆಂಡ್ ಎಂದಿದ್ದರೆ ಇಪ್ಪತ್ತನೆಯ ಶತಮಾನದ್ದು ಎಂದುಕೊಳ್ಳಿ. ವೆಜ್‌ವುಡ್‌ನ ಹಸಿರು ಎಲೆತಟ್ಟೆಗಳು ಇಪ್ಪತ್ತನೆಯ ಶತಮಾನದಲ್ಲೂ ತಯಾರಾಗುತ್ತಿದ್ದವಾದ್ದರಿಂದ ಅವುಗಳಲ್ಲಿ ಈ ಪದಗಳನ್ನು ತಪ್ಪದೆ ನೋಡಬೇಕು.

ಹಂತ 5: ನಕಲಿ ಮತ್ತು ಹೊರನಾಡಿನ ಸಾಮಾನು

ಎಲ್ಲ ಮಜೋಲಿಕಾ ಇಂಗ್ಲೆಂಡಿನದಲ್ಲ. ಪೋರ್ಚುಗಲ್‌ನ ಕಾಲ್ಡಸ್ ಡ ರೈನ್ಯಾ, ಫ್ರಾನ್ಸಿನ ಸಾರೆಗೆಮೀನ್, ಅಮೆರಿಕದ ಫೀನಿಕ್ಸ್‌ವಿಲ್ ಊರುಗಳಲ್ಲೂ ಒಳ್ಳೆಯ ಕೆಲಸ ನಡೆದಿದೆ. ಅವು ಕೀಳಲ್ಲ, ಮಿಂಟನ್ ಎಂದು ಹೇಳಿ ಮಾರಿದಾಗ ಮಾತ್ರ ಮೋಸ.

ಈಚಿನ ನಕಲಿಗಳನ್ನು ಹಿಡಿಯಲು ಕೆಲವು ಲಕ್ಷಣಗಳಿವೆ. ಹಿಡಿ ದೇಹಕ್ಕೆ ಕೂಡುವ ಕಡೆ ಒಳಗೆ ಬೆರಳಾಡಿಸಿ: ಅಲ್ಲಿ ತೂತು ಇದ್ದರೆ, ಅಂದರೆ ಹಿಡಿಯೂ ಟೊಳ್ಳಾಗಿ ಇಡೀ ಪಾತ್ರೆ ಒಂದೇ ಸುರಿಯಚ್ಚಿನಿಂದ ಬಂದಿದ್ದರೆ, ಅದು ಹೊಸದಿರುವ ಸಂಭವ ಹೆಚ್ಚು, ಹಳೆಯದರಲ್ಲಿ ಹಿಡಿಯನ್ನು ಸಾಮಾನ್ಯವಾಗಿ ಬೇರೆಯಾಗಿ ಮಾಡಿ ಅಂಟಿಸುತ್ತಿದ್ದರು. ತಳದಲ್ಲಿ ಮೆರುಗಿಲ್ಲದ ಅಗಲವಾದ ಬಿಳಿ ಉಂಗುರ ಹೊಸ ಸಾಮಾನಿನಲ್ಲಿ ಸಾಮಾನ್ಯ. ಹಳೆಯದರ ತಳಕ್ಕೂ ಮೆರುಗು ಹಚ್ಚಿ, ಆವಿಗೆಯಲ್ಲಿ ಮುಕ್ಕಾಲುಮಣೆಯಂಥ ಪುಟ್ಟ ಆಧಾರಗಳ ಮೇಲೆ ನಿಲ್ಲಿಸುತ್ತಿದ್ದರಿಂದ ಮೂರು ಸಣ್ಣ ಚುಕ್ಕೆಗಾಯಗಳು ಉಳಿದಿರುತ್ತವೆ. ಹೊಸದರ ಬಣ್ಣ ಅಪಾರದರ್ಶಕ; ಕುಳಿಯಲ್ಲೂ ಏಣಿನಲ್ಲೂ ಒಂದೇ ಗಾಢತೆ, ಗರಿಗಳ ಗೀರುಗಳು ಮಸುಕು. ಹಳೆಯ ಪಾತ್ರೆಯಿಂದಲೇ ಅಚ್ಚು ತೆಗೆದು ಮಾಡಿದ ನಕಲಿ, ಮಣ್ಣು ಒಣಗುವಾಗ ಕುಗ್ಗುವುದರಿಂದ, ಮೂಲಕ್ಕಿಂತ ತುಸು ಚಿಕ್ಕದಾಗಿರುತ್ತದೆ. ಹಾಗಾಗಿ ದಾಖಲಾದ ಅಳತೆಗಳನ್ನು ಹೋಲಿಸುವುದು ಒಳ್ಳೆಯ ಪರೀಕ್ಷೆ.

ಹೆಚ್ಚು ಹಣ ಕಳೆಯುವುದು ಮಾತ್ರ ನಕಲಿಯಿಂದಲ್ಲ. ಗುರುತಿಲ್ಲದ ಸಾಧಾರಣ ಪಾತ್ರೆಗೆ 'ಜಾರ್ಜ್ ಜೋನ್ಸ್ ಇರಬಹುದು' ಎಂಬ ಚೀಟಿ ಅಂಟಿಸಿ ಮೂರು ಪಟ್ಟು ಬೆಲೆ ಕೇಳುವುದರಿಂದ. ಆಧಾರವೇನೆಂದು ಕೇಳಿ. ಉತ್ತರ ತಳವನ್ನು ತೋರಿಸುವಂತಿರಬೇಕು.

ಹಂತ 6: ಒಡಕು, ಮುಕ್ಕು, ದುರಸ್ತಿ

ನೂರೈವತ್ತು ವರ್ಷ ಬಳಕೆಯಾದ ಮಣ್ಣುಪಾತ್ರೆ ಕಲೆಯಿಲ್ಲದೆ ಇರುವುದು ಅಪರೂಪ. ಮೆರುಗಿನ ಮೈತುಂಬ ಹರಡಿದ ಕೂದಲೆಳೆಯಂಥ ಬಿರುಕುಗಳ ಜಾಲ ದೋಷವಲ್ಲ. ಮಣ್ಣು ಮತ್ತು ಮೆರುಗು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರ ಫಲ ಅದು. ದೋಷವೆಂದರೆ ಮಣ್ಣಿನೊಳಕ್ಕೆ ಇಳಿದ ಸೀಳು, ಮುಕ್ಕಾದ ಅಂಚು, ಮುರಿದು ಕೂಡಿಸಿದ ಹಿಡಿ.

ಪರೀಕ್ಷೆ ಹೀಗೆ ಮಾಡಿ. ಮುಚ್ಚಳವನ್ನು ಮೊದಲು ತೆಗೆದು ಬೇರೆ ಇಡಿ. ಎಂದಿಗೂ ಹಿಡಿಯನ್ನೋ ಹಿಡಿಕೆಯಂತೆ ಕೂರಿಸಿದ ಹಕ್ಕಿಯನ್ನೋ ಹಿಡಿದು ಎತ್ತಬೇಡಿ, ಎರಡೂ ಕೈಗಳಿಂದ ದೇಹವನ್ನು ಹಿಡಿಯಿರಿ. ಅಂಚಿನ ಸುತ್ತ ಬೆರಳಾಡಿಸಿ. ಮೂಲ ಮೆರುಗು ಗಾಜಿನಂತೆ ತಣ್ಣಗೆ, ಗಟ್ಟಿಯಾಗಿರುತ್ತದೆ. ದುರಸ್ತಿಯ ಬಣ್ಣ ತುಸು ಬೆಚ್ಚಗೆ, ಮೆತ್ತಗೆ, ಕೆಲವೊಮ್ಮೆ ಅಂಟಂಟಾಗಿ ತೋರುತ್ತದೆ. ಬಿರುಕಿನ ಜಾಲ ಒಂದು ಕಡೆ ಥಟ್ಟನೆ ನಿಂತುಹೋಗಿದೆಯೇ ನೋಡಿ. ನಿಂತ ಜಾಗದಲ್ಲಿ ಬಣ್ಣ ಬಳಿದಿದ್ದಾರೆ. ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ದಪ್ಪ ಮಣ್ಣು ಪಿಂಗಾಣಿಯಂತೆ ಕಿಣಿಗುಟ್ಟುವುದಿಲ್ಲವಾದರೂ ಒಡಕಿದ್ದರೆ ಬರುವ ಬೊದ್ದುಸದ್ದು ಬೇರೆ. ಆಮೇಲೆ ಕತ್ತಲಲ್ಲಿ ಅತಿನೇರಳೆ ಟಾರ್ಚ್ ಹಾಯಿಸಿ. 365 ನ್ಯಾನೋಮೀಟರ್ ಟಾರ್ಚ್ ಅಗ್ಗದ 395ಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. ಅಂಟು ಮತ್ತು ಹೊಸ ಬಣ್ಣ ಸಾಮಾನ್ಯವಾಗಿ ಮೂಲ ಮೆರುಗಿಗಿಂತ ಬೇರೆಯಾಗಿ ಹೊಳೆಯುತ್ತವೆ. ಹೊಳೆಯದ ಬಣ್ಣಗಳೂ ಇರುವುದರಿಂದ ಟಾರ್ಚ್ ಒಂದನ್ನೇ ನಂಬದೆ ಬೆರಳನ್ನೂ ನಂಬಿ. ಅಂಗಡಿಯಲ್ಲಿ ಅಸಿಟೋನ್ ಹಚ್ಚಿ ನೋಡುವುದು, ಸೂಜಿಯಿಂದ ಕೆರೆಯುವುದು ಕೂಡದು. ವಸ್ತು ಇನ್ನೂ ನಿಮ್ಮದಲ್ಲ.

ಕೊಕ್ಕು, ಕಿವಿ, ಬಾಲ, ಕುಂಡಿಗೆಯ ಮೂತಿ, ಮುಚ್ಚಳದ ಒಳ ಅಂಚು: ಒಡೆಯುವ ಜಾಗಗಳು ಇವೇ. ಮುಚ್ಚಳ ಬೇರೆ ಪಾತ್ರೆಯದಾಗಿರಬಹುದು. ಹಸಿರಿನ ಛಾಯೆ ಮತ್ತು ಕೆಳಗಿನ ಸಂಖ್ಯೆ ಹೊಂದುತ್ತವೆಯೇ ನೋಡಿ. ಬೇಟೆಮಾಂಸದ ಬಟ್ಟಲುಗಳ ಒಳಗೆ ಅಡುಗೆಯ ಒಲೆಗೆ ಇಡುವ ಬೇರೆಯದೇ ಒಳಪಾತ್ರೆ ಇರುತ್ತಿತ್ತು. ಅದು ಉಳಿದಿರುವುದು ವಿರಳ, ಇದ್ದರೆ ಬೆಲೆ ಏರುತ್ತದೆ.

ಅಪರೂಪದ ಆಕೃತಿಯಾದರೆ ಪ್ರಾಮಾಣಿಕವಾಗಿ ತಿಳಿಸಿದ ದುರಸ್ತಿಯನ್ನು ಒಪ್ಪಿಕೊಳ್ಳಿ. ಸಾಮಾನ್ಯ ತಟ್ಟೆಯಾದರೆ ಇಡಿಯಾದದ್ದಕ್ಕೆ ಕಾಯಿರಿ, ಖಂಡಿತ ಸಿಗುತ್ತದೆ.

ಹಂತ 7: ಕೊಳ್ಳುವುದು

ನಾಟಿಂಗ್‌ಹ್ಯಾಮ್‌ಶೈರ್‌ನ ನ್ಯೂವಾರ್ಕ್ ಸಂತೆ, ಸಸೆಕ್ಸ್‌ನ ಆರ್ಡಿಂಗ್ಲಿ ಸಂತೆ, ಶನಿವಾರದ ಪೋರ್ಟೊಬೆಲ್ಲೊ ರಸ್ತೆ, ಊರೂರಿನ ಹರಾಜು ಮನೆಗಳು, ಪರಿಣತ ವ್ಯಾಪಾರಿಗಳು ಇವೆಲ್ಲ ದಾರಿಗಳೇ. ಆರಂಭಕ್ಕೆ ಪರಿಣತ ವ್ಯಾಪಾರಿಯೇ ಮೇಲು. ತುಸು ಹೆಚ್ಚು ಕೊಡುತ್ತೀರಿ, ಆದರೆ ವಸ್ತುವಿನ ವಿವರವನ್ನು ರಸೀದಿಯಲ್ಲಿ ಬರೆಸಿಕೊಳ್ಳಬಹುದು, ಪ್ರಶ್ನೆ ಕೇಳಿ ಕಲಿಯಬಹುದು.

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊಡುವ ಬೆಲೆಯಲ್ಲ. 200 ಪೌಂಡ್‌ಗೆ ಸುತ್ತಿಗೆ ಬಿತ್ತೆನ್ನಿ. ಕೊಳ್ಳುವವರ ಶುಲ್ಕ ಶೇ. 25 ಇದ್ದರೆ 50 ಪೌಂಡ್, ಆ ಶುಲ್ಕದ ಮೇಲೆ ಶೇ. 20ರ ವ್ಯಾಟ್ 10 ಪೌಂಡ್. ಆನ್‌ಲೈನ್ ವೇದಿಕೆಯ ಮೂಲಕ ಕೂಗಿದರೆ ಶೇ. 5ರಂತೆ 10 ಪೌಂಡ್, ಅದರ ವ್ಯಾಟ್ 2 ಪೌಂಡ್. ಒಟ್ಟು 272. ಇದರ ಮೇಲೆ ಸಾಗಣೆ. ಗರಿಷ್ಠ ಮೊತ್ತವನ್ನು ಹಿಂದಿನಿಂದ ಲೆಕ್ಕಹಾಕಿ ಕಾಗದದಲ್ಲಿ ಬರೆದುಕೊಂಡೇ ಕೂಗಿಗೆ ಇಳಿಯಿರಿ.

ದೂರದಿಂದ ಕೊಳ್ಳುವಾಗ ಸ್ಥಿತಿ ವರದಿ ಕೇಳುವುದು ನಿಮ್ಮ ಹಕ್ಕು. 'ಚೆನ್ನಾಗಿದೆಯೇ' ಎಂದು ಕೇಳಬೇಡಿ. ಅಂಚಿನ ಸುತ್ತ, ಹಿಡಿಯ ಎರಡೂ ಬುಡ, ಮುಚ್ಚಳದ ಒಳಮೈ, ತಳ ಇವುಗಳ ಚಿತ್ರ ಬೇಕು, ಅತಿನೇರಳೆ ಬೆಳಕಿನಲ್ಲಿ ನೋಡಿ ದುರಸ್ತಿ ಇದೆಯೇ ತಿಳಿಸಿ ಎಂದು ಕೇಳಿ.

ಮೊದಲ ಖರೀದಿಗೆ ನನ್ನ ಸಲಹೆ ವೆಜ್‌ವುಡ್‌ನ ಹಸಿರು ಎಲೆತಟ್ಟೆ. ಕೆಲವೇ ಹತ್ತು ಪೌಂಡ್‌ಗಳಿಗೆ ಸಿಗುತ್ತದೆ, ಗುರುತು ಓದುವುದನ್ನು ಕಲಿಸುತ್ತದೆ, ಒಂದೇ ಬಣ್ಣದಲ್ಲಿ ಮೆರುಗಿನ ಏರಿಳಿತವನ್ನೆಲ್ಲ ತೋರಿಸುತ್ತದೆ. ಆಮೇಲೆ ಒಂದು ಎಳೆ ಹಿಡಿಯಿರಿ: ಸಿಂಪಿ ತಟ್ಟೆಗಳು, ಆಸ್ಪರಾಗಸ್ ತಟ್ಟೆಗಳು, ಚಹಾ ಕುಂಡಿಗೆಗಳು, ಅಥವಾ ಹಕ್ಕಿಗಳಿರುವವು ಮಾತ್ರ. ಹತ್ತು ಸಾಧಾರಣ ಪಾತ್ರೆಗಳ ಹಣಕ್ಕೆ ಒಂದು ಒಳ್ಳೆಯದನ್ನು ಕೊಳ್ಳುವುದು ಯಾವಾಗಲೂ ಮೇಲು.

ಹಂತ 8: ಸಾಗಣೆ, ಮತ್ತು ಭಾರತಕ್ಕೆ ತರುವುದಾದರೆ

ಸಾಗಣೆಯ ಮಾತಿಗೆ ಮಿಂಟನ್ ನವಿಲಿನ ಕಥೆಯೇ ಸಾಕ್ಷಿ. ಶಿಲ್ಪಿ ಪಾಲ್ ಕೊಮೊಲೆರಾ 1870ರ ದಶಕದಲ್ಲಿ ರೂಪಿಸಿದ ಈ ಆಳೆತ್ತರದ ನವಿಲುಗಳಲ್ಲಿ ಒಂದು, ಮೆಲ್ಬರ್ನ್ ಪ್ರದರ್ಶನಕ್ಕೆಂದು ಲಾಕ್ ಆರ್ಡ್ ಹಡಗಿನಲ್ಲಿ ಹೊರಟಿತ್ತು. 1878ರ ಜೂನ್ 1ರಂದು ಹಡಗು ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯ ಬಂಡೆಗೆ ಬಡಿದು ಮುಳುಗಿತು. ಹಡಗಿನಲ್ಲಿದ್ದ 54 ಜನರಲ್ಲಿ ಬದುಕಿದವರು ಇಬ್ಬರು. ನವಿಲು ಮಾತ್ರ ತನ್ನ ಮರದ ಪೆಟ್ಟಿಗೆಯಲ್ಲೇ ದಡ ಸೇರಿತು. ಈಗ ವಾರ್ನಂಬೂಲ್ ಊರಿನ ಫ್ಲ್ಯಾಗ್‌ಸ್ಟಾಫ್ ಹಿಲ್ ಸಂಗ್ರಹಾಲಯದಲ್ಲಿದೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಎಲ್ಲ ಬದಿಗೂ ಮೆತ್ತೆ, ಮುಚ್ಚಳಕ್ಕೆ ಬೇರೆ ಸುತ್ತು, ಹಿಡಿ ಮತ್ತು ದೇಹದ ನಡುವಿನ ಸಂದಿಗೆ ಕಾಗದದ ತುಂಬು ಇಷ್ಟಿಲ್ಲದೆ ಯಾವ ಅಂಚೆಗೂ ಕೊಡಬೇಡಿ.

ಭಾರತಕ್ಕೆ ತರುವವರು ಎರಡು ವಿಷಯ ತಿಳಿದಿರಬೇಕು. ಸುಂಕದ ಪಟ್ಟಿಯಲ್ಲಿ ನೂರು ವರ್ಷ ಮೀರಿದ ಪ್ರಾಚೀನ ವಸ್ತುಗಳಿಗೆ 9706 ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. ವಯಸ್ಸನ್ನು ತೋರಿಸುವ ರಸೀದಿ ಇಲ್ಲದಿದ್ದರೆ ಅಧಿಕಾರಿಗಳು ಅದನ್ನು ಮಾಮೂಲಿ ಪಾತ್ರೆಯೆಂದು ಎಣಿಸಬಹುದು. ಎರಡನೆಯದು, 1972ರ ಪ್ರಾಚ್ಯವಸ್ತು ಕಾಯಿದೆ ನೂರು ವರ್ಷ ದಾಟಿದ ಕಲಾವಸ್ತುಗಳ ರಫ್ತನ್ನು ಖಾಸಗಿಯವರಿಗೆ ನಿಷೇಧಿಸುತ್ತದೆ. ಮುಂದೆ ಮತ್ತೆ ಹೊರದೇಶಕ್ಕೆ ಒಯ್ಯುವ ಅಥವಾ ಅಲ್ಲಿ ಮಾರುವ ಯೋಚನೆ ಇದ್ದರೆ, ತರುವ ಮೊದಲೇ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯನ್ನು ಲಿಖಿತವಾಗಿ ಕೇಳಿ, ಆಮದಿನ ಕಾಗದಗಳನ್ನೆಲ್ಲ ಜೋಪಾನ ಮಾಡಿ.

ಹಂತ 9: ಮನೆಯಲ್ಲಿ ಇಡುವುದು

ಇವುಗಳಲ್ಲಿ ಊಟ, ತಿಂಡಿ ಬೇಡ. ಮೆರುಗಿನಲ್ಲಿರುವುದು ಸೀಸ. ಹುಣಸೆ, ನಿಂಬೆ, ಉಪ್ಪಿನಕಾಯಿ, ಮೊಸರಿನಂಥ ಹುಳಿ ಪದಾರ್ಥಗಳು ಅದನ್ನು ಸೆಳೆದುಕೊಳ್ಳುತ್ತವೆ, ಬಿರುಕಿನ ಜಾಲ ಇದ್ದರಂತೂ ಇನ್ನೂ ಸುಲಭ. ಈ ಬಣ್ಣಗಳಿಗೆ ನಿಜವಾದ ಬೆಲೆ ತೆತ್ತವರು ಮೆರುಗಿನ ತೊಟ್ಟಿಯ ಬಳಿ ದುಡಿದ ಗಂಡಸರು, ಹೆಂಗಸರು. 1890ರ ದಶಕದಲ್ಲಿ ಸ್ಟಾಫರ್ಡ್‌ಶೈರ್‌ನ ಸೀಸದ ವಿಷಬಾಧೆಯ ಬಗ್ಗೆ ಸರ್ಕಾರ ವಿಚಾರಣೆ ನಡೆಸಿ ನಿಯಮ ಬಿಗಿಗೊಳಿಸಬೇಕಾಯಿತು. ಇವರ ಹೆಸರುಗಳು ಯಾವ ತಳದಲ್ಲೂ ಇಲ್ಲ. ಸಂಗ್ರಹಕಾರರು ಇದನ್ನು ತಿಳಿದಿರಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ತೊಳೆಯಲು ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಸೌಮ್ಯ ಸೋಪು, ಮೆತ್ತನೆಯ ಕುಂಚ ಸಾಕು. ನೆನೆಹಾಕಬೇಡಿ, ಬಿರುಕಿನ ಮೂಲಕ ನೀರು ಮಣ್ಣಿಗೆ ಇಳಿದು ಕಂದು ಕಲೆ ಏಳುತ್ತದೆ. ಬ್ಲೀಚ್, ಪಾತ್ರೆ ತೊಳೆಯುವ ಯಂತ್ರ ಎರಡೂ ನಿಷಿದ್ಧ. ದುರಸ್ತಿಯಾದ ಪಾತ್ರೆಗೆ ಒದ್ದೆ ಬಟ್ಟೆಯೂ ಬೇಡ, ಒಣ ಕುಂಚ ಮಾತ್ರ. ಖನಿಜದ ಬಣ್ಣಗಳು ಬಿಸಿಲಿಗೆ ಮಾಸುವುದಿಲ್ಲ, ಆದರೆ ದುರಸ್ತಿಯ ಬಣ್ಣ ಹಳದಿಗಟ್ಟುತ್ತದೆ. ತಟ್ಟೆಯನ್ನು ಗೋಡೆಗೆ ತೂಗುಹಾಕುವ ಸ್ಪ್ರಿಂಗ್ ತಂತಿಗಳು ಅಂಚನ್ನು ಮುಕ್ಕಾಗಿಸುತ್ತವೆ. ಮೆತ್ತೆ ಹೊದಿಸಿದ ನಿಲುವು ಮೇಲು. ಹೂಕುಂಡದಂಥ ದೊಡ್ಡ ಪಾತ್ರೆಯಲ್ಲಿ ಗಿಡ ಇಡುವ ಆಸೆಯಾದರೆ ಒಳಗೆ ಬೇರೆ ಕುಂಡ ಇರಲಿ.

ಹಂತ 10: ದಾಖಲೆ

ಪ್ರತಿ ಪಾತ್ರೆಗೂ ಒಂದು ಪುಟ ಮೀಸಲಿಡಿ: ಅಳತೆ, ತೂಕ, ಎಲ್ಲ ಬದಿಗಳ ಚಿತ್ರ, ತಳದ ಗುರುತಿನ ಚಿತ್ರ, ಅತಿನೇರಳೆ ಬೆಳಕಿನ ಚಿತ್ರ, ಕೊಂಡ ದಿನ, ಬೆಲೆ, ಮಾರಿದವರ ರಸೀದಿ. ಯಾರದೆಂದು ನೀವು ಭಾವಿಸಿದ್ದೀರಿ, ಏಕೆ ಎಂಬುದನ್ನೂ ಬರೆಯಿರಿ. ಹೊಸ ಆಧಾರ ಸಿಕ್ಕಾಗ ತಿದ್ದಲು ಅದು ಬೇಕು. ವಿಮೆಗೂ ಮಾರಾಟಕ್ಕೂ ಇದೇ ಪುಟ ನೆರವಾಗುತ್ತದೆ. ವರ್ಷಕ್ಕೊಮ್ಮೆ ಈ ಪುಟಗಳನ್ನು ತಿರುವಿ, ಈಗ ಕಣ್ಣಿಗೆ ಸಪ್ಪೆಯಾಗಿ ಕಾಣುವ ಪಾತ್ರೆಗಳನ್ನು ದೋಷಗಳ ಸಮೇತ ವಿವರ ಬರೆದು ಮಾರಿ, ಆ ಹಣವನ್ನು ಮುಂದಿನ ಒಂದು ಒಳ್ಳೆಯ ಪಾತ್ರೆಗೆ ಎತ್ತಿಡಿ.